ಹಳ್ಳಕ್ಕೆ ಇಳಿಯುವ ಮೊದಲು: ಜಿಪ್ಸಿ ಸಿದ್ಧಮಾಡಿಕೊಂಡ ನನ್ನ ಅನುಭವ

ನನ್ನ ಜಿಪ್ಸಿ ಗಾಡಿಯ ಮುಂದಿನ ಆಕ್ಸಲ್‌ನ ಡ್ರೈನ್ ಬೋಲ್ಟ್ ಬಿಚ್ಚುತ್ತಿದ್ದಂತೆ ಬಾಂಡ್ಲಿಗೆ ಸುರಿದ ಎಣ್ಣೆ, ಹಾಲು ಜಾಸ್ತಿಯಾದ ಕಾಫಿಯ ಬಣ್ಣದಲ್ಲಿತ್ತು. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಯಾವ ಹಳ್ಳಕ್ಕೆ ಇಳಿಸಿದ್ರಿ ಸಾರ್? ಯಾವಾಗ?" ಅಂದರು. ಎರಡು ತಿಂಗಳ ಹಿಂದೆ, ಜುಲೈ ಮಳೆಯಲ್ಲಿ, ಹೆತ್ತೂರು ಕಡೆಯ ಒಂದು ತೋಟದ ದಾರಿಯಲ್ಲಿ ಅಂತ ಹೇಳಿದೆ. ಎರಡು ತಿಂಗಳು ನೀರು ಬೆರೆತ ಎಣ್ಣೆಯಲ್ಲೇ ಗೇರಿನ ಹಲ್ಲುಗಳು ತಿರುಗಿದ್ದವು. ಕ್ರೌನ್, ಪಿನಿಯನ್, ಬೇರಿಂಗ್ ಎಲ್ಲ ಹೊರಗೆ ಬಂದವು. ಬೇರಿಂಗಿನ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು.

ನನ್ನದು 2008ರ ಮಾರುತಿ ಜಿಪ್ಸಿ ಕಿಂಗ್. 1.3 ಲೀಟರ್ ಪೆಟ್ರೋಲ್ ಎಂಜಿನ್, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಸ್ಪ್ರಿಂಗಾಗಿ ಲೀಫ್ ಪ್ಲೇಟ್. 2016ರಲ್ಲಿ ಎರಡನೇ ಕೈಯಿಂದ ಕೊಂಡೆ. ಸಕಲೇಶಪುರದ ಕಡೆ ತೋಟ ಇರುವವರಿಗೆ ನಾಲ್ಕು ಚಕ್ರ ಎಳೆಯುವ ಗಾಡಿ ಶೋಕಿ ಅಲ್ಲ. ಆದರೂ ಮೊದಲ ವರ್ಷ ನಾನು ಹಣ ಹಾಕಿದ್ದೆಲ್ಲ ಕಣ್ಣಿಗೆ ಕಾಣುವ ಜಾಗಕ್ಕೆ: ಮುಂದೆ ದಪ್ಪ ಕಬ್ಬಿಣದ ಬಂಪರ್, ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಸಾಲು ದೀಪ. ಆಕ್ಸಲ್‌ ಹೌಸಿಂಗ್ ಮೇಲಿನ ಹೆಬ್ಬೆರಳ ತುದಿಯಷ್ಟಿರುವ, ಒಳಗಿನ ಗಾಳಿ ಆಡಲು ಬಿಡುವ ಬ್ರೀದರ್ ಕಡೆ ಒಮ್ಮೆಯೂ ನೋಡಿರಲಿಲ್ಲ.

ಆ ಹಳ್ಳದಲ್ಲಿ ನಡೆದದ್ದು ಇಷ್ಟು. ಗಾಡಿ ಓಡಿದಾಗ ಆಕ್ಸಲ್ ಒಳಗಿನ ಎಣ್ಣೆ, ಗಾಳಿ ಎರಡೂ ಬಿಸಿಯಾಗಿ ಹಿಗ್ಗುತ್ತವೆ. ಹಿಗ್ಗಿದ ಗಾಳಿ ಬ್ರೀದರ್ ಮೂಲಕ ಹೊರಗೆ ಹೋಗಬೇಕು. ಇದ್ದಕ್ಕಿದ್ದಂತೆ ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ನೀರಿನಡಿ ಇದ್ದರೆ ಅದರಿಂದಲೇ ನೀರು ಒಳಕ್ಕೆ. ನನ್ನ ಗಾಡಿಯಲ್ಲಿ ಅದು ಕೆಸರು ಒಣಗಿ ಕಟ್ಟಿಕೊಂಡಿತ್ತು, ಹಾಗಾಗಿ ಹಳೆಯ ಆಯಿಲ್ ಸೀಲಿನ ಅಂಚಿನಿಂದ ನೀರು ನುಗ್ಗಿದೆ. ಮದ್ದು ಬಹಳ ಸರಳ. ಬ್ರೀದರಿಗೆ ಎಣ್ಣೆ ತಡೆಯುವ ರಬ್ಬರ್ ಪೈಪ್ ಸಿಕ್ಕಿಸಿ, ಮುಂದಿನದನ್ನು ಬಾನೆಟ್ ಒಳಗೆ ಎತ್ತರಕ್ಕೆ, ಹಿಂದಿನದನ್ನು ಟೇಲ್ ಲ್ಯಾಂಪಿನ ಮಟ್ಟಕ್ಕೆ ಒಯ್ದು ಕಟ್ಟಿದೆವು. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಪೈಪ್ ಎಳೆದು ಕಿತ್ತುಬರದಂತೆ ಒಂದು ಗೇಣು ಸಡಿಲ ಬಿಟ್ಟೆವು. ಸಾವಿರ ರೂಪಾಯಿ ಒಳಗೆ ಮುಗಿದ ಕೆಲಸ. ಅದನ್ನು ಮಾಡದೆ ಬಿಟ್ಟದ್ದಕ್ಕೆ ಆದ ಖರ್ಚಿನಲ್ಲಿ ನಾಲ್ಕು ಹೊಸ ಟೈರ್ ಬರುತ್ತಿತ್ತು.

ಅಂದಿನಿಂದ ನನ್ನ ಕ್ರಮ ತಲೆಕೆಳಗಾಯಿತು. ಮೊದಲು ಗಾಡಿಯ ಅಡಿ, ಆಮೇಲೆ ಟೈರು, ಆಮೇಲೆ ಎಳೆಯುವ ಸಾಮಾನು. ಉಳಿದದ್ದು ಹಣ, ಮನಸ್ಸು ಇದ್ದರೆ.

ಅಡಿ ಅಂದರೆ ನಿಜಕ್ಕೂ ಚೀಲ ಹಾಸಿಕೊಂಡು ಮಲಗಿ ನೋಡುವುದು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ, ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್, ಕೇಸ್ ಮಾತ್ರ ಬೇರೆಯಾಗಿ ಮೂರು ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ಆ ರಬ್ಬರ್ ಬಿರುಕುಬಿಟ್ಟರೆ ಲೋ ಗೇರಿನಲ್ಲಿ ಏರು ಹತ್ತುವಾಗ ಕೇಸ್ ಇಡೀ ಮಗ್ಗುಲಾಗುತ್ತದೆ, ಶಾಫ್ಟ್ ವಾರೆಯಾಗಿ ನಡುಗುತ್ತದೆ, ಕೆಲವೊಮ್ಮೆ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಬೀಳುತ್ತದೆ. ಕಡಿದಾದ ಏರಿನ ನಡುವೆ ನ್ಯೂಟ್ರಲ್ ಆದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಕೋಲಿನಿಂದ ಮೀಟಿ ನೋಡಿದರೆ ಸಾಕು, ರಬ್ಬರ್ ಸತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಾನು ಮೂರನ್ನೂ ಒಟ್ಟಿಗೆ ಬದಲಾಯಿಸಿದೆ. ಒಂದನ್ನೇ ಬದಲಾಯಿಸಿದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಇನ್ನೊಂದು ಜಾಗ ಮುಂದಿನ ಚಕ್ರದ ಹಿಂದಿರುವ, ಚಕ್ರ ತಿರುಗಿಸಲು ಬಿಡುವ ಗುಂಡು ನಕಲ್. ಅದರ ಸುತ್ತ ಒರೆಸುವ ಸೀಲ್ ಇರುತ್ತದೆ. ಸೀಲ್ ಸವೆದರೆ ಒಳಗಿನ ಗ್ರೀಸಿಗೆ ಕೆಸರುನೀರು ಸೇರಿ ಗಂಜಿಯಾಗುತ್ತದೆ. ಚಕ್ರವನ್ನು ಜಾಕಿ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಅಂದರೆ ಹಬ್ ಬೇರಿಂಗೋ ಕಿಂಗ್‌ಪಿನ್ನೋ ಅಂತ ನೋಡಬೇಕು. ಆಕ್ಸಲ್‌ಗೆ ಲೀಫ್ ಪ್ಲೇಟ್ ಕಟ್ಟುವ ಯು ಬೋಲ್ಟ್‌ಗಳನ್ನು ಬಿಗಿಮಾಡಿ, ನಟ್ಟಿನ ಮೇಲೆ ಪೇಂಟಿನ ಒಂದು ಗೆರೆ ಎಳೆದಿಟ್ಟಿದ್ದೇನೆ. ಗೆರೆ ತಪ್ಪಿದ್ದರೆ ನಟ್ಟು ತಿರುಗಿದೆ ಎಂದರ್ಥ, ಪ್ಯಾನಾ ಹಾಕುವ ಮೊದಲೇ ತಿಳಿಯುತ್ತದೆ. ಮೇಸ್ತ್ರಿ ಕಲಿಸಿದ್ದು ಇದು. ಅವರ ಅಪ್ಪ ಮರದ ಲಾರಿಗಳಲ್ಲಿ ಹೀಗೇ ಮಾಡುತ್ತಿದ್ದರಂತೆ.

ಲೀಫ್ ಪ್ಲೇಟ್ ವಿಚಾರದಲ್ಲಿ ನಾನು ಒಂದು ತಪ್ಪು ದಾರಿ ಹಿಡಿದಿದ್ದೆ. ಗಾಡಿ ಎತ್ತರವಾಗಲಿ ಅಂತ ಪ್ಲೇಟನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಉದ್ದದ್ದು ಹಾಕಿಸಿದೆ. ಎತ್ತರ ಬಂತು, ಜೊತೆಗೆ ಸ್ಟೇರಿಂಗ್ ಅಲೆಯತೊಡಗಿತು. ಮುಂದಿನ ಆಕ್ಸಲ್ ಕೂತ ಕೋನ ಬದಲಾದರೆ ಚಕ್ರ ತಾನಾಗಿ ನೇರಕ್ಕೆ ಬರುವ ಗುಣ ಕಳೆದುಕೊಳ್ಳುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿ ಪಕ್ಕ ಹೋಗುವಾಗ ಎರಡು ಕೈಯಲ್ಲಿ ಹಿಡಿದು ಬೆವರಿದ್ದು ನೆನಪಿದೆ. ಮೂರು ತಿಂಗಳಲ್ಲಿ ತೆಗೆಸಿ ಹಳೆಯದನ್ನೇ ಹಾಕಿಸಿದೆ. ಅದರ ಬದಲು ಪ್ಲೇಟ್‌ಗಳನ್ನು ಒಂದೊಂದಾಗಿ ಬಿಚ್ಚಿ, ನಡುವಿನ ತುಕ್ಕು ಉಜ್ಜಿ, ಗ್ರೀಸ್ ಸವರಿ, ಬುಷ್ ಹೊಸದು ಹಾಕಿಸಿದೆ. ತುಕ್ಕು ಹಿಡಿದ ಪ್ಲೇಟ್‌ಗಳು ಒಂದರ ಮೇಲೊಂದು ಜಾರದೆ ಒಂದೇ ಹಲಗೆಯಂತೆ ನಿಲ್ಲುತ್ತವೆ. ಕೊರಕಲಿನಲ್ಲಿ ಒಂದು ಚಕ್ರ ಗಾಳಿಗೆ ಎದ್ದುಬಿಡುತ್ತದೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್‌ಗೆ ನನ್ನ ಗಾಡಿಯಲ್ಲಿ ಲಾಕ್ ಇಲ್ಲ, ಎದ್ದ ಚಕ್ರವೇ ಸುತ್ತುತ್ತದೆ, ನೆಲದ ಮೇಲಿರುವುದು ಸುಮ್ಮನೆ ನಿಲ್ಲುತ್ತದೆ. ಪ್ಲೇಟ್ ಮೆತ್ತಗಾದ ಮೇಲೆ ಮೊದಲು ಹತ್ತಲಾಗದೆ ವಾಪಸಾಗಿದ್ದ ಜಾಗವನ್ನು ಗಾಡಿ ಸಲೀಸಾಗಿ ದಾಟಿತು. ಇಷ್ಟಾದರೂ ಚಕ್ರ ಎದ್ದು ಸುತ್ತಿದರೆ, ಆಕ್ಸಿಲರೇಟರ್ ಬಿಡದೆ ಬ್ರೇಕನ್ನು ಮೆಲ್ಲಗೆ ಒತ್ತುತ್ತೇನೆ. ಸುತ್ತುವ ಚಕ್ರಕ್ಕೆ ತಡೆ ಬಿದ್ದು ಇನ್ನೊಂದಕ್ಕೆ ಸ್ವಲ್ಪ ಬಲ ಹೋಗುತ್ತದೆ.

ಟೈರಿಗೆ ಬರುತ್ತೇನೆ. ಕಂಪನಿಯ ಅಳತೆ 205/70 ಆರ್15. ಅದರ ಎತ್ತರ ಸುಮಾರು 668 ಮಿಲಿಮೀಟರ್. ನಾನು ಹಾಕಿದ್ದು 215/75 ಆರ್15, ಸುಮಾರು 703. ಆಕ್ಸಲ್ ಆ ವ್ಯತ್ಯಾಸದ ಅರ್ಧ, ಅಂದರೆ ಸುಮಾರು 17 ಮಿಲಿಮೀಟರ್ ಮೇಲೆದ್ದಿತು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿರುತ್ತದೆ. ಗೆಳೆಯರು 235/75 ಹಾಕು ಅಂತ ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ. ಈ ಗಾಡಿಯ ಟ್ರಾನ್ಸ್‌ಫರ್ ಕೇಸಿನ ಅನುಪಾತ, ಅಂದರೆ ಅದು ಬಲ ಹೆಚ್ಚಿಸುವ ಪಟ್ಟು, ಹೈ ಗೇರಿನಲ್ಲಿ 1.409, ಲೋ ಗೇರಿನಲ್ಲಿ 2.268. ಲೋ ಗೇರಿನ ಬಲ ಮೊದಲೇ ಬಹಳ ದೊಡ್ಡದಲ್ಲ. ಆ ಟೈರ್ ಹಾಕಿದರೆ ಅದರಲ್ಲಿ ನೂರಕ್ಕೆ ಹತ್ತು ಪಾಲು ಹತ್ತಿರ ಕಳೆದುಹೋಗುತ್ತದೆ. ಎತ್ತರದ ಆಸೆಗೆ ನಿಧಾನವಾಗಿ ತೆವಳುವ ಶಕ್ತಿ ಕೊಟ್ಟುಬಿಟ್ಟರೆ ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬೇಕಾಗುತ್ತದೆ. ಒದ್ದೆ ಜೇಡಿಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಮಡ್ ಟೈರೋ, ಎಲ್ಲ ದಾರಿಗೂ ಆಗುವ ಆಲ್ ಟೆರೈನೋ ಅನ್ನುವ ಚರ್ಚೆ ಮುಗಿಯುವಂಥದ್ದಲ್ಲ. ನಮ್ಮ ಕೆಮ್ಮಣ್ಣು ಮಳೆಗೆ ಅಂಟಾಗಿ ಟೈರಿನ ಸಂದಿಗಳನ್ನು ತುಂಬಿಬಿಡುತ್ತದೆ. ಎರಡು ಸುತ್ತಿನಲ್ಲಿ ಟೈರು ಬೋಳು ಟೈರಿನಂತೆ ಆಗುತ್ತದೆ. ಸಂದಿ ಅಗಲ ಇರುವ ಮಡ್ ಟೈರ್ ಸುತ್ತುವಾಗ ಮಣ್ಣನ್ನು ಎಸೆದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅದಕ್ಕೇ ನಾನು ಅದನ್ನೇ ಹಾಕಿದೆ. ಆದರೆ ಒದ್ದೆ ಟಾರಿನ ಮೇಲೆ ಅದರ ಹಿಡಿತ ಕಡಿಮೆ. ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಯಾವ ಟೈರ್ ಆದರೂ ಗಾಳಿ ಇಳಿಸದಿದ್ದರೆ ಅರ್ಧ ಪ್ರಯೋಜನ. ರಸ್ತೆಯಲ್ಲಿ 24–26 ಪಿಎಸ್‌ಐ ಇಡುತ್ತೇನೆ. ಕೆಸರಿನ ದಾರಿ ಶುರುವಾಗುವ ಗೇಟಿನಲ್ಲೇ ನಿಲ್ಲಿಸಿ 16ಕ್ಕೆ ಇಳಿಸುತ್ತೇನೆ. ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಬೇರು ಕಲ್ಲುಗಳನ್ನು ಅಪ್ಪಿಕೊಂಡು ಹೋಗುತ್ತದೆ. ಹನ್ನೆರಡಕ್ಕಿಂತ ಕೆಳಗೆ ಹೋಗುವುದಿಲ್ಲ, ಪಕ್ಕಕ್ಕೆ ಒತ್ತಡ ಬಿದ್ದಾಗ ರಿಮ್ಮಿನಿಂದ ಟೈರ್ ಕಳಚಿಬಿಡುತ್ತದೆ. ವಾಪಸ್ ಟಾರಿಗೆ ಬರುವ ಮೊದಲು ಗಾಳಿ ತುಂಬಲು ಪುಟ್ಟ ಕಂಪ್ರೆಸರ್ ಇದೆ. ಅದರ ವೈರನ್ನು ನೇರ ಬ್ಯಾಟರಿಗೆ ಸಿಕ್ಕಿಸುತ್ತೇನೆ, ಸಿಗರೇಟ್ ಲೈಟರ್ ತೂತಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಟಾರಿಗೆ ಬಂದ ಕೂಡಲೇ ಲಿವರನ್ನೂ 2ಎಚ್‌ಗೆ, ಅಂದರೆ ಹಿಂದಿನ ಎರಡೇ ಚಕ್ರ ಎಳೆಯುವ ಗೇರಿಗೆ, ತರಬೇಕು. ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಶಿಯಲ್ ಇಲ್ಲದ ಗಾಡಿ ಇದು. ಒಣ ರಸ್ತೆಯಲ್ಲಿ ನಾಲ್ಕೂ ಚಕ್ರ ಎಳೆಯುವ 4ಎಚ್ ಹಾಕಿ ತಿರುವು ತೆಗೆದುಕೊಂಡರೆ ಬಲವೆಲ್ಲ ಶಾಫ್ಟಿನಲ್ಲಿ ಮುರುಟಿಕೊಳ್ಳುತ್ತದೆ.

ತೂಕದ ಲೆಕ್ಕ ನನಗೆ ತಡವಾಗಿ ಹೊಳೆಯಿತು. ಬಟ್ಟೆ ಟಾಪಿನ ಜಿಪ್ಸಿಯ ಸ್ವಂತ ತೂಕ 985 ಕಿಲೋ. ಅದರ ದೊಡ್ಡ ಬಲವೇ ಈ ಹಗುರತನ. ಮೇಲಿನ ಕ್ಯಾರಿಯರ್ ತೆಗೆದೆ, ಅಡ್ಡ ಇಳಿಜಾರಿನಲ್ಲಿ ಗಾಡಿ ವಾಲುವ ಭಯ ಅರ್ಧ ಕಡಿಮೆಯಾಯಿತು. ದಪ್ಪ ಬಂಪರ್ ಕೂಡ ಕಳಚಿದೆ. ಇಂಥ ಕ್ರಾಶ್ ಗಾರ್ಡ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಉಳಿಸಿಕೊಂಡದ್ದು ಚಾಸಿಗೆ ಬೋಲ್ಟ್ ಮಾಡಿದ ರೋಲ್ ಬಾರ್, ಅಡಿಯಲ್ಲಿ ಟ್ರಾನ್ಸ್‌ಫರ್ ಕೇಸಿಗೊಂದು ತಗಡಿನ ರಕ್ಷೆ. ಒಳಗಿರುವ ಜಾಕಿ, ಸ್ಪ್ಯಾನರ್ ಪೆಟ್ಟಿಗೆ, ನೀರಿನ ಕ್ಯಾನು ಎಲ್ಲಕ್ಕೂ ಬೆಲ್ಟ್ ಬಿಗಿದಿದೆ. ಗಾಡಿ ಮಗುಚಿದರೆ ಜಾಕಿಯೇ ತಲೆಗೆ ಬಡಿಯುತ್ತದೆ.

ಎಳೆಯುವ ಸಾಮಾನಿನ ವಿಷಯದಲ್ಲಿ ನಾನು ಸ್ವಲ್ಪ ಹಟದ ಮನುಷ್ಯ. ತೋಟಗಳಲ್ಲಿ ಟ್ರ್ಯಾಕ್ಟರ್ ಎಳೆಯಲು ಬಳಸುವ ಚೈನು, ತುಕ್ಕು ಹಿಡಿದ ವೈರ್ ರೋಪ್ ಯಾರೇ ತಂದರೂ ನನ್ನ ಗಾಡಿಗೆ ಕಟ್ಟಲು ಬಿಡುವುದಿಲ್ಲ. ತುಂಡಾದ ವೈರ್ ರೋಪ್ ಕತ್ತಿಯಂತೆ ಬೀಸುತ್ತದೆ. ಚಾಸಿಯ ಮುಂದೆ ಎರಡು, ಹಿಂದೆ ಒಂದು ಗಟ್ಟಿ ಕೊಂಡಿ ಬೋಲ್ಟ್ ಮಾಡಿಸಿದ್ದೇನೆ, ವೆಲ್ಡ್ ಅಲ್ಲ. ಮುಕ್ಕಾಲು ಇಂಚಿನ, 4.75 ಟನ್ ಎಂದು ಮುದ್ರೆ ಬಿದ್ದಿರುವ, ಹಗ್ಗ ಸಿಕ್ಕಿಸುವ ಎರಡು ಶ್ಯಾಕಲ್, ಹಿಗ್ಗಿ ಕುಗ್ಗುವ ನೈಲಾನ್ ಹಗ್ಗ, ಮರಕ್ಕೆ ಸುತ್ತಲು ಅಗಲದ ಪಟ್ಟಿ, ಕೈಯಿಂದ ಮೀಟುವ ವಿಂಚು, ಒಂದು ಗುದ್ದಲಿ, ಕತ್ತಿ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕುತ್ತೇವೆ, ತುಂಡಾದರೂ ನೆಲಕ್ಕೆ ಬೀಳಲಿ ಅಂತ. ಎಲೆಕ್ಟ್ರಿಕ್ ವಿಂಚು ಬೇಡ ಅಂದುಕೊಂಡೆ, ಮೂಗಿನ ಮೇಲೆ ಮೂವತ್ತು ಕಿಲೋಗೂ ಹೆಚ್ಚು ಭಾರ ಹೊರಿಸಲು ನನಗೆ ಇಷ್ಟವಿಲ್ಲ.

ಮರದ ಪಟ್ಟಿ ಬಗ್ಗೆ ಒಂದು ಮಾತು. ನಮ್ಮ ಕಡೆ ದಾರಿ ಬದಿಯ ಸಿಲ್ವರ್ ಓಕಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಹಗ್ಗ ಸುತ್ತಿ ಎಳೆದರೆ ಆ ಬುಡದಲ್ಲಿ ವರ್ಷಗಳ ಫಸಲು ಹೋಯಿತು ಅಂತಲೇ. ಬಳ್ಳಿ ಇಲ್ಲದ ಮರ ಹುಡುಕಬೇಕು, ಹಲಸು ಸಿಕ್ಕರೆ ಒಳ್ಳೆಯದು, ಬುಡಕ್ಕೆ ಹತ್ತಿರವಾಗಿ ಅಗಲದ ಪಟ್ಟಿ ಸುತ್ತಬೇಕು. ತೋಟದ ಮಾಲೀಕರ ಒಪ್ಪಿಗೆ ಇಲ್ಲದ ದಾರಿಗೆ ನಾವು ಹೋಗುವುದಿಲ್ಲ, ಕಾಡಿನ ಗಡಿಯೊಳಗೆ ಕಾಲಿಡುವುದೇ ಇಲ್ಲ. ಬಿಸಿಲೆ ಕಡೆಯ ಹುಲ್ಲುಗಾವಲಿನ ಮೇಲೆ ಚಕ್ರ ಸುತ್ತಿಸಿ ಮಾಡಿದ ಗೆರೆಗಳು ಮುಂದಿನ ಮಳೆಗೆ ಕೊರಕಲಾಗುವುದನ್ನು ನೋಡಿದವನು ನಾನು. ನೋವಾಗುತ್ತದೆ.

ಹಳ್ಳ ಬಂದರೆ ಈಗ ನಿಂತೇ ನಿಲ್ಲುತ್ತೇನೆ. ಹತ್ತು ಹದಿನೈದು ನಿಮಿಷ ಆಕ್ಸಲ್ ಆರಲಿ. ಅಷ್ಟರಲ್ಲಿ ಒಬ್ಬರು ಕೋಲು ಹಿಡಿದು ನಡೆದು ಆಳ ನೋಡುತ್ತಾರೆ. ನಡೆದು ದಾಟಲಾಗದ ಸೆಳವಿಗೆ ಗಾಡಿ ಇಳಿಸುವುದಿಲ್ಲ. ಪೆಟ್ರೋಲ್ ಎಂಜಿನ್ ಆದ್ದರಿಂದ ಪ್ಲಗ್ ವೈರಿನ ತುದಿಗಳಿಗೆ ಸಿಲಿಕಾನ್ ಗ್ರೀಸ್ ಹಚ್ಚಿದ್ದೇನೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಬಾರದು. ಸಿಲಿಂಡರಿಗೆ ನೀರು ಹೋಗಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ದಡಕ್ಕೆ ತಂದು, ನಾಲ್ಕೂ ಪ್ಲಗ್ ಬಿಚ್ಚಿ, ಆಮೇಲೆ ತಿರುಗಿಸಿದರೆ ನೀರು ಚಿಮ್ಮಿ ಹೊರಗೆ ಬರುತ್ತದೆ.

ಹೋಗಿ ಬಂದ ಮರುದಿನದ ಕೆಲಸ ಹೋಗುವ ಮೊದಲಿನದಕ್ಕಿಂತ ಹೆಚ್ಚು. ಹಿಂದಿನ ಡ್ರಮ್ ಬಿಚ್ಚಿ ಮಣ್ಣು ತೆಗೆಯುವುದು, ರೇಡಿಯೇಟರ್ ಜಾಲರಿಯನ್ನು ಹಿಂದಿನಿಂದ ಮುಂದಕ್ಕೆ ತೊಳೆಯುವುದು, ಶಾಫ್ಟಿನ ಕ್ರಾಸ್ ಜಾಯಿಂಟ್‌ಗಳಿಗೆ ಹಳೆಯ ಗ್ರೀಸ್ ಹೊರಬರುವ ತನಕ ಹೊಸದನ್ನು ಒತ್ತುವುದು. ಮುಂದಿನ ಹೌಸಿಂಗಿಗೆ ಎರಡು ಲೀಟರ್, ಹಿಂದಿನದಕ್ಕೆ ಒಂದೂವರೆ ಲೀಟರ್ ಎಣ್ಣೆ ಸಾಕು, ಸಂಶಯ ಬಂದರೆ ಬದಲಾಯಿಸಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಅದೇ ಹೆತ್ತೂರು ಕಡೆಯ ಹಳ್ಳವನ್ನು ಮತ್ತೆ ದಾಟಿದೆವು. ನೀರು ಚಕ್ರದ ನಡುವಿನ ಹಬ್‌ಗಿಂತ ಮೇಲಕ್ಕಿತ್ತು. ಆಚೆ ದಡದಲ್ಲಿ ಜೊತೆಗಾರರ ಗಾಡಿಯೊಂದು ಹೂತು, ಹಲಸಿನ ಮರಕ್ಕೆ ಪಟ್ಟಿ ಸುತ್ತಿ, ವಿಂಚು ಮೀಟಿ ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆ, ಎಲ್ಲರ ಕಾಲಿಗೂ ಉಂಬಳ. ಮರುದಿನ ಬೆಳಿಗ್ಗೆ ಚೀಲ ಹಾಸಿ ಮಲಗಿ ಮುಂದಿನ ಆಕ್ಸಲ್‌ನ ಲೆವೆಲ್ ಬೋಲ್ಟ್ ಬಿಚ್ಚಿ ಕಿರುಬೆರಳು ಹಾಕಿದೆ. ಬೆರಳಿಗೆ ಅಂಟಿದ ಎಣ್ಣೆ ಜೇನಿನ ಬಣ್ಣದಲ್ಲಿತ್ತು. ಬೋಲ್ಟ್ ಬಿಗಿಮಾಡಿ ಹಿಂದಿನದನ್ನು ನೋಡಲು ಜರುಗಿದೆ.