ಕುಕಿ ಐಸಿಂಗ್‌ಗೆ ಪೈಪಿಂಗ್ ಬ್ಯಾಗ್: ತುದಿ ನೋಡಿ ಕೊಳ್ಳಿ

ಕುಕಿಯ ಮೇಲೆ ರಾಯಲ್ ಐಸಿಂಗ್ (ಒಣಗಿದರೆ ಗಟ್ಟಿಯಾಗುವ ಸಕ್ಕರೆ ಲೇಪ) ಗೆರೆ ಎಳೆಯುವಾಗ ಅದು ಪದೇ ಪದೇ ಒಂದೇ ಪಕ್ಕಕ್ಕೆ ಸುತ್ತಿಕೊಳ್ಳುತ್ತಿದ್ದರೆ ಕೈ ನಡುಗಿತೆಂದು ಬೇಸರ ಮಾಡಿಕೊಳ್ಳಬೇಡಿ. ಎಷ್ಟೋ ಸಲ ದೋಷ ಇರುವುದು ಐಸಿಂಗ್ ತುಂಬಿ ಹಿಂಡುವ ಪೈಪಿಂಗ್ ಬ್ಯಾಗಿನ ತುದಿಯಲ್ಲಿ. ಅಂಗಡಿಯಲ್ಲಿ ನಾವು ಕೇಳುವುದು ಸೈಜು ಮತ್ತು ರೇಟು. ಕೇಕಿಗೆ ಕ್ರೀಮ್ ಹಾಕುವವರಿಗೆ ಅಷ್ಟು ಸಾಕು, ಕುಕಿ ಮಾಡುವವರು ಬ್ಯಾಗಿನ ಕೊನೆಯ ಅರ್ಧ ಇಂಚನ್ನೂ ನೋಡಬೇಕು.

ಬಳಸಿ ಬಿಸಾಡುವ ಬ್ಯಾಗುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ದಪ್ಪನೆಯದು, ನಾಝಲ್ (ತುದಿಗೆ ಸಿಕ್ಕಿಸುವ ಚಿಕ್ಕ ಮೂತಿ) ಹಾಕಿ ಬಳಸಲೆಂದೇ ಮಾಡಿದ್ದು. 12ರಿಂದ 18 ಇಂಚಿನವರೆಗೆ ಸಿಗುತ್ತದೆ. ಇದರ ಅಂಟಿನ ಗೆರೆ, ಅಂದರೆ ಪ್ಲಾಸ್ಟಿಕ್‌ನ ಅಂಚುಗಳನ್ನು ಕೂಡಿಸಿ ಅಂಟಿಸಿದ ಜಾಗ, ಸಾಮಾನ್ಯವಾಗಿ ಅಗಲವಾಗಿ, ಗಡುಸಾಗಿ ಇರುತ್ತದೆ. ನಾಝಲ್ ಇಲ್ಲದೆ ತುದಿ ಕತ್ತರಿಸಿ ಗೆರೆ ಎಳೆಯಲು ಹೋದರೆ ಆ ಗಡಸು ಅಂಚು ಐಸಿಂಗನ್ನು ಪಕ್ಕಕ್ಕೆ ತಳ್ಳುತ್ತದೆ. ಇನ್ನೊಂದು ತೆಳ್ಳಗಿನ, ಪಾರದರ್ಶಕವಾದ, ಟಿಪ್‌ಲೆಸ್ ಎನ್ನುವ ಬ್ಯಾಗು. ಅದರ ತುದಿಯನ್ನೇ ಕತ್ತರಿಸಿದರೆ ಅದೇ ನಾಝಲ್. ಹರಿಯುವ ರಾಯಲ್ ಐಸಿಂಗ್‌ಗೆ ಇದೇ ಸರಿ. ಆರು ಬಣ್ಣಕ್ಕೆ ಆರು ಬ್ಯಾಗು ತುಂಬಿಟ್ಟುಕೊಂಡರೆ ನಾಝಲ್ ತೊಳೆಯುವ ಕೆಲಸವೇ ಇಲ್ಲ. ಆದರೆ ಹೂವು, ಎಲೆ ಮಾಡುವ ಗಟ್ಟಿ ಐಸಿಂಗನ್ನು ಇದರಲ್ಲಿ ಹಾಕಿ ಒತ್ತಿದರೆ ಪಕ್ಕ ಸೀಳುತ್ತದೆ. ಆ ಕೆಲಸಕ್ಕೆ ದಪ್ಪ ಬ್ಯಾಗು, ಜೊತೆಗೆ ನಾಝಲ್.

ಮೊದಲ ಸಲ ಚಿಕ್ಕ ಪ್ಯಾಕನ್ನೇ ಕೊಳ್ಳಿ. ಒಂದು ಬ್ಯಾಗು ತೆಗೆದು ಬೆಳಕಿಗೆ ಹಿಡಿಯಿರಿ. ಅಂಟಿನ ಗೆರೆ ನೂಲಿನಷ್ಟು ಸಣ್ಣಗಿದ್ದು ಚೂಪಾದ ತುದಿಯವರೆಗೂ ಹೋಗಿರಬೇಕು. ಕೆಲವು ಬ್ಯಾಗುಗಳಲ್ಲಿ ತುದಿಯ ಮೂರು ನಾಲ್ಕು ಮಿಲಿಮೀಟರ್ ಒಳಗೇ ಅಂಟಿಕೊಂಡು ಮುಚ್ಚಿರುತ್ತದೆ. ಅದನ್ನು ದಾಟಿ ಕತ್ತರಿಸುವಷ್ಟರಲ್ಲಿ ರಂಧ್ರ ದೊಡ್ಡದಾಗಿರುತ್ತದೆ, ಅಂಥದ್ದರಲ್ಲಿ ಕುಕಿಯ ಮೇಲೆ ಹೆಸರು ಬರೆಯುವ ಮಾತೇ ಇಲ್ಲ. ಆಮೇಲೆ ಅರ್ಧ ಲೋಟ ನೀರು ಹಾಕಿ, ಬಾಯಿ ತಿರುಚಿ, ಮೆಲ್ಲಗೆ ಒತ್ತಿ. ಗೆರೆಯುದ್ದಕ್ಕೂ ನೀರಿನ ಹನಿ ಕಂಡರೆ ಆ ಪ್ಯಾಕು ಬೇಡ. ಫುಡ್ ಗ್ರೇಡ್ ಎಂದು ಬರೆದಿರುವುದನ್ನೂ ನೋಡಿಕೊಳ್ಳಿ.

ಕುಕಿಗೆ 12 ಇಂಚು ಧಾರಾಳ. ಒಂದು ಬ್ಯಾಗಿಗೆ ಮೂರು ನಾಲ್ಕು ಟೇಬಲ್ ಚಮಚಕ್ಕಿಂತ ಹೆಚ್ಚು ತುಂಬಬೇಡಿ. ಹೆಚ್ಚಾದರೆ ಮಣಿಕಟ್ಟು ನೋಯುತ್ತದೆ, ಹಿಡಿತ ತಪ್ಪುತ್ತದೆ.

ಐಸಿಂಗ್‌ಗೆ 450 ಗ್ರಾಂ ಐಸಿಂಗ್ ಶುಗರ್ (ನುಣ್ಣನೆಯ ಸಕ್ಕರೆ ಪುಡಿ), 3 ಟೇಬಲ್ ಚಮಚ ಮೆರಿಂಗ್ ಪೌಡರ್ (ಒಣಗಿಸಿದ ಮೊಟ್ಟೆಯ ಬಿಳಿಯಿಂದ ಮಾಡಿದ ಪುಡಿ), 5ರಿಂದ 6 ಟೇಬಲ್ ಚಮಚ ನೀರು. ಸಕ್ಕರೆಯನ್ನು ಸಣ್ಣ ಜರಡಿಯಲ್ಲಿ ಜರಡಿ ಹಿಡಿಯಲೇಬೇಕು, ಒಂದೇ ಒಂದು ಗಂಟು ಸಾಕು ರಂಧ್ರ ಮುಚ್ಚಲು. ಚೆನ್ನಾಗಿ ಬೀಟ್ ಮಾಡಿದ ಮೇಲೆ ಚಮಚ ಚಮಚವಾಗಿ ನೀರು ಸೇರಿಸುತ್ತಾ ತೆಳು ಮಾಡಿ. ಚಾಕುವಿನಿಂದ ಗೀರಿದ ಗೆರೆ 15ರಿಂದ 20 ಸೆಕೆಂಡಿನಲ್ಲಿ ಕೂಡಿಕೊಂಡರೆ ಅಂಚಿಗೂ ತುಂಬುವುದಕ್ಕೂ ಅದೇ ಐಸಿಂಗ್ ಆಗುತ್ತದೆ. ಹತ್ತು ಸೆಕೆಂಡಿಗಿಂತ ಬೇಗ ಕೂಡಿದರೆ ಕುಕಿಯ ಅಂಚು ದಾಟಿ ಹರಿಯುತ್ತದೆ. ತುದಿ ಕತ್ತರಿಸದ ಬ್ಯಾಗನ್ನು ಲೋಟದೊಳಗೆ ಇಳಿಸಿ, ಬಾಯನ್ನು ಎರಡು ಇಂಚು ಹೊರಕ್ಕೆ ಮಡಚಿ ತುಂಬಿ. ಗಾಳಿ ಹೊರಹಾಕಿ, ಬಾಯಿ ಗಂಟು ಹಾಕಿ.

ಇನ್ನು ಕತ್ತರಿಸುವುದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ತುದಿಯನ್ನು ಎರಡು ಬೆರಳಲ್ಲಿ ಚಪ್ಪಟೆ ಮಾಡಿ. ಅಂಟಿನ ಗೆರೆ ಆ ಚಪ್ಪಟೆ ಭಾಗದ ನಡುವೆ ಬರಬೇಕು, ಅಂಚಿಗೆ ಬರಬಾರದು. ಅಂಚಿಗೆ ಬಂದರೆ ರಂಧ್ರದ ಒಂದು ಪಕ್ಕ ಗಡುಸಾಗಿ ಉಳಿದು ಗೆರೆ ಅತ್ತ ಸುತ್ತಿಕೊಳ್ಳುತ್ತದೆ. ಚಿಕ್ಕ, ಹರಿತವಾದ ಕತ್ತರಿಯಿಂದ ನೇರವಾಗಿ ಒಂದೇ ಸಲಕ್ಕೆ ಕತ್ತರಿಸಿ. ರಂಧ್ರ ಅಕ್ಷರ, ಕಣ್ಣು, ಚುಕ್ಕಿಗೆ 1 ಮಿಲಿಮೀಟರಿಗಿಂತ ಕಡಿಮೆ, ಅಂಚಿನ ಗೆರೆಗೆ ಒಂದೂವರೆ, ಒಳಗೆ ತುಂಬಲು 2. ಯಾವಾಗಲೂ ಬೇಕಾದದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ತಟ್ಟೆಯ ಮೇಲೆ ಗೆರೆ ಎಳೆದು ನೋಡಿ, ಆಮೇಲೆ ಕೂದಲೆಳೆಯಷ್ಟು ಹೆಚ್ಚಿಸಿ. ರಂಧ್ರ ದೊಡ್ಡದಾಯಿತೇ? ಆ ಬ್ಯಾಗನ್ನು ಹಾಗೇ ಇನ್ನೊಂದು ಹೊಸ ಬ್ಯಾಗಿನೊಳಗೆ ತೂರಿಸಿ, ಹೊಸದರ ತುದಿ ಕತ್ತರಿಸಿ. ಐಸಿಂಗ್ ದಂಡವಾಗುವುದಿಲ್ಲ.

ಕಲಬುರಗಿ, ರಾಯಚೂರಿನ ಬೇಸಿಗೆಯಂಥ ಒಣ ಹವೆಯಲ್ಲಿ ತುದಿ ಬೇಗ ಗಟ್ಟಿಯಾಗುತ್ತದೆ. ಬಳಸದಿರುವ ಬ್ಯಾಗುಗಳ ತುದಿಯನ್ನು ಒದ್ದೆ ಬಟ್ಟೆಯ ಮೇಲೆ ಇಟ್ಟಿರಿ. ಕಟ್ಟಿಕೊಂಡರೆ ಸೂಜಿಯಿಂದ ಬಿಡಿಸಿ. ಜೋರಾಗಿ ಒತ್ತಿದರೆ ತುದಿಯಲ್ಲಿ ಗಟ್ಟಿಯಾದ ಐಸಿಂಗ್ ಹಾರಿ ದೊಡ್ಡ ಗುಪ್ಪೆ ಕುಕಿಯ ಮೇಲೆ ಬೀಳುತ್ತದೆ, ಇಲ್ಲವೇ ಬ್ಯಾಗು ಹಿಂದೆ ಸೀಳುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ತುದಿ ಒಣಗುವುದಿಲ್ಲ, ಕುಕಿಯೂ ಒಣಗುವುದಿಲ್ಲ. ಫ್ಯಾನ್ ಕೆಳಗಿಟ್ಟು, ಮೇಲ್ಪದರ ಗಟ್ಟಿಯಾದ ಮೇಲೆಯೇ ಎರಡನೇ ಬಣ್ಣ ಹಾಕಿ, ಇಲ್ಲವಾದರೆ ಕಡು ಬಣ್ಣ ಬಿಳಿಗೆ ಹರಡುತ್ತದೆ.

ಬ್ಯಾಗು ಸಿಗದಿದ್ದರೆ ಮೆಹಂದಿ ಕೋನ್ ಸುತ್ತಿ ಅಭ್ಯಾಸವಿರುವವರು ಅದೇ ರೀತಿ ಬಟರ್ ಪೇಪರ್ ಕೋನ್ ಸುತ್ತಬಹುದು. ಒಂದೆರಡು ಚಮಚ ಐಸಿಂಗ್ ಮಾತ್ರ ಹಾಕಿ, ಹೊತ್ತು ಹೋದಂತೆ ಕಾಗದ ನೆನೆದು ಮೆತ್ತಗಾಗುತ್ತದೆ. ಮೆಹಂದಿಗೆಂದು ಮಾರುವ ಪ್ಲಾಸ್ಟಿಕ್ ಹಾಳೆ ತಿನ್ನುವ ಪದಾರ್ಥಕ್ಕೆ ಬೇಡ.

ತುಂಬಿದ ಬ್ಯಾಗನ್ನು ರಾತ್ರಿಯಿಡೀ ಇಟ್ಟರೆ ನೀರು ಬೇರೆಯಾಗಿ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಒಂದೆರಡು ಗಂಟೆ ಆಗಿದ್ದರೆ ಬ್ಯಾಗನ್ನೇ ಮೆಲ್ಲಗೆ ಹಿಸುಕಿ ಬೆರೆಸಿದರೆ ಸಾಕು. ಮಾರನೇ ದಿನವಾದರೆ ಐಸಿಂಗನ್ನು ಬಟ್ಟಲಿಗೆ ತೆಗೆದು, ಚೆನ್ನಾಗಿ ಕಲಸಿ, ಗೆರೆ ಕೂಡುವ ಹೊತ್ತು ಮತ್ತೊಮ್ಮೆ ನೋಡಿ ಹೊಸ ಬ್ಯಾಗಿಗೆ ತುಂಬಿ.