ಮನೆಗೆ ಮೊದಲು ಸಾಲಿಸಿಟರ್ ಹುಡುಕಿದೆ: ಶಿವಮೊಗ್ಗದ ಮನೆ, ರೆಡಿಂಗ್‌ನ ಮನೆ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ನಮ್ಮವರಲ್ಲಿ ಎಷ್ಟೋ ಜನ ಮನೆ ಸಿಕ್ಕ ಮೇಲೆ ಸಾಲಿಸಿಟರ್ (ಮನೆ ಕೊಳ್ಳುವ ಕಾಗದಪತ್ರ ನೋಡುವ ವಕೀಲ) ಹುಡುಕುತ್ತಾರೆ. ಆಗ ಎಸ್ಟೇಟ್ ಏಜೆಂಟ್ ತನಗೆ ಗೊತ್ತಿರುವ ಫರ್ಮ್ ಹೆಸರು ಹೇಳುತ್ತಾನೆ. ಅವಸರದಲ್ಲಿ ನಾವೂ ಸರಿ ಅಂದುಬಿಡುತ್ತೇವೆ. ಅದರಲ್ಲಿ ಏಜೆಂಟ್‌ಗೆ ಕಮಿಷನ್ ಇರಬಹುದು, ಇದ್ದರೆ ಹೇಳಬೇಕು ಅನ್ನುವ ನಿಯಮವೂ ಇದೆ. ಹಾಗಂತ ಅಂಥ ಫರ್ಮ್‌ಗಳೆಲ್ಲ ಕೆಟ್ಟವೇನಲ್ಲ. ಆದರೆ 2025ರಲ್ಲಿ ರೆಡಿಂಗ್‌ನಲ್ಲಿ ಮನೆ ನೋಡಲು ಹೊರಟಾಗ ನಾನು ಸಾಲಿಸಿಟರ್‌ನಿಂದಲೇ ಶುರು ಮಾಡಿದೆ.

ಕಾರಣ, ಶಿವಮೊಗ್ಗದ ಮನೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಮನೆ ಈಗ ಅಮ್ಮ, ಅಣ್ಣ, ನಾನು ಮೂವರಿಗೂ ಸೇರಿದ್ದು. ಖಾತೆಯಲ್ಲಿ ಹೆಸರಿದೆ ಅನ್ನುವುದು ಬಿಟ್ಟರೆ ನನಗೂ ಅದಕ್ಕೂ ಹಬ್ಬಕ್ಕೆ ಹೋಗಿ ಬರುವಷ್ಟೇ ಸಂಬಂಧ. ಆದರೆ ಇಲ್ಲಿನ ಸ್ಟ್ಯಾಂಪ್ ಡ್ಯೂಟಿ ಕಾನೂನಿಗೆ ಜಗತ್ತಿನ ಯಾವ ಮೂಲೆಯಲ್ಲಿರುವ ಮನೆಯೂ ಲೆಕ್ಕಕ್ಕೆ ಬರುತ್ತದೆ.

ಲೆಕ್ಕ ಹೀಗೆ. ನಮ್ಮ ಬಜೆಟ್ 3,60,000 ಪೌಂಡ್. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ, ಮೊದಲ ಸಲ ಮನೆ ಕೊಳ್ಳುವವರಿಗೆ 3,00,000ದವರೆಗೆ ಡ್ಯೂಟಿ ಇಲ್ಲ, ಉಳಿದದ್ದಕ್ಕೆ 5%. ಅಂದರೆ 3,000 ಪೌಂಡ್. ಮೊದಲ ಸಲದವರಲ್ಲ ಅಂತಾದರೆ 8,000. ಇನ್ನೊಂದು ಮನೆ ಕೈಯಲ್ಲಿಟ್ಟುಕೊಂಡು ಕೊಳ್ಳುತ್ತಿದ್ದೀರಿ ಅಂತಾದರೆ ಪೂರ್ತಿ ಬೆಲೆಯ ಮೇಲೆ ಇನ್ನೂ 5% ಸೇರಿ 26,000! ಒಂದೇ ಮನೆ, ಮೂರು ರೇಟು.

ಹಾಗಾಗಿ ಫೋನ್ ಮಾಡಿದ ಕಡೆಯಲ್ಲೆಲ್ಲ ಫೀಸಿಗಿಂತ ಮೊದಲು ಇದನ್ನೇ ಕೇಳಿದೆ: "ಇಂಡಿಯಾದಲ್ಲಿ ತಂದೆಯಿಂದ ಬಂದ ಮನೆಯಲ್ಲಿ ನನಗೆ ಮೂರರಲ್ಲಿ ಒಂದು ಪಾಲಿದೆ. ಸ್ಟ್ಯಾಂಪ್ ಡ್ಯೂಟಿ ಎಷ್ಟಾಗುತ್ತದೆ?" ಒಂದು ಕಡೆ, "ಯುಕೆಯಲ್ಲಿ ಮನೆ ಇಲ್ಲವಲ್ಲ, ನೀವು ಮೊದಲ ಸಲದವರೇ" ಅಂದರು. ಅದು ತಪ್ಪು ಉತ್ತರ. ಇನ್ನೊಂದು ಕಡೆ, ಟ್ಯಾಕ್ಸ್ ಸಲಹೆ ನಾವು ಕೊಡುವುದಿಲ್ಲ, ಅದಕ್ಕೆ ಬೇರೆಯವರನ್ನು ನೋಡಿ ಅಂದರು. ಅದು ಪ್ರಾಮಾಣಿಕ ಉತ್ತರ, ಬೇಜಾರಾಗಲಿಲ್ಲ. ಕೊನೆಗೆ ಒಬ್ಬರು ನನ್ನನ್ನೇ ತಿರುಗಿ ಪ್ರಶ್ನೆ ಕೇಳಿದರು. ಅಪ್ಪ ತೀರಿಕೊಂಡು ಮೂರು ವರ್ಷ ದಾಟಿದೆಯಾ? ನಿಮ್ಮ ಪಾಲಿನ ಇವತ್ತಿನ ಬೆಲೆ 40,000 ಪೌಂಡ್ ಮುಟ್ಟುತ್ತದಾ? ಹೆಂಡತಿ ಹೆಸರಿನಲ್ಲಿ ಏನಾದರೂ ಇದೆಯಾ? ಇವರೇ ಆಗಬಹುದು ಅನ್ನಿಸಿತು.

ಪಾಲಿನ ಬೆಲೆ 40,000ಕ್ಕಿಂತ ಕಡಿಮೆ ಇದ್ದರೆ ಆ ಹೆಚ್ಚುವರಿ 5% ಬರುವುದಿಲ್ಲ. ಅಣ್ಣನಿಗೆ ಹೇಳಿ ಊರಿನಲ್ಲಿ ವ್ಯಾಲ್ಯುಯೇಷನ್ ರಿಪೋರ್ಟ್ ಮಾಡಿಸಿ ತರಿಸಿದೆ. ನನ್ನ ಪಾಲು ಆ ಮಿತಿಗಿಂತ ಎಷ್ಟೋ ಕೆಳಗಿತ್ತು. ಆದರೆ ಮೊದಲ ಸಲದವನು ಅನ್ನುವ ರಿಯಾಯಿತಿ ಹೋಯಿತು. ಅದಕ್ಕೆ ಎಷ್ಟು ಚಿಕ್ಕ ಪಾಲಾದರೂ ಅಡ್ಡಿಯೇ. ಹೆಂಡತಿ ಒಬ್ಬಳೇ ಕೊಂಡರೆ 3,000ಕ್ಕೆ ಮುಗಿಯುತ್ತಿತ್ತು, ಆದರೆ ಅವಳೊಬ್ಬಳ ಸಂಬಳಕ್ಕೆ ಅಷ್ಟು ಸಾಲ ಸಿಗುವುದಿಲ್ಲ. ಸರಿ, 8,000 ಕಟ್ಟಿದೆವು. ಊರಲ್ಲಿ ಬರೀ ಖಾಲಿ ಸೈಟ್ ಇರುವವರಿಗೆ ಈ ತಲೆಬಿಸಿ ಇಲ್ಲ. ಸೈಟ್ ಮನೆಯಲ್ಲ, ಅಲ್ವಾ.

ಉಳಿದ ವಿಚಾರಣೆ ಸುಲಭ. ಸಾಲಿಸಿಟರ್ ಬದಲು ಲೈಸೆನ್ಸ್ಡ್ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕಾಗದಪತ್ರಕ್ಕೇ ಲೈಸೆನ್ಸ್ ಪಡೆದವರು) ಆದರೂ ನಡೆಯುತ್ತದೆ. ಇಬ್ಬರಿಗೂ ನಿಯಂತ್ರಕ ಸಂಸ್ಥೆ ಇದೆ, ಅಲ್ಲಿನ ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ. ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ (ಬ್ಯಾಂಕ್ ಒಪ್ಪಿದ ಫರ್ಮ್‌ಗಳ ಪಟ್ಟಿ) ಆ ಫರ್ಮ್ ಇರಲೇಬೇಕು. ಫೀಸಿನ ಕೊಟೇಷನ್‌ನಲ್ಲಿ ವ್ಯಾಟ್, ಸರ್ಚ್ ಖರ್ಚು (ಕೌನ್ಸಿಲ್ ಮುಂತಾದ ಕಡೆ ಮನೆಯ ದಾಖಲೆ ವಿಚಾರಿಸುವುದಕ್ಕೆ), ಲೀಸ್‌ಹೋಲ್ಡ್ (ಮಾಲೀಕರಿಂದ ಇಂತಿಷ್ಟು ವರ್ಷಕ್ಕೆ ಅಂತ ಲೀಸ್ ಮೇಲೆ ಸಿಗುವ ಮನೆ) ಆದರೆ ಜಾಸ್ತಿ ಎಷ್ಟು, ಎಲ್ಲ ಬರೆಸಿಕೊಳ್ಳಿ. ಫೈಲ್ ನೋಡುವವರು ಯಾರು, ಅವರು ರಜೆ ಹೋದರೆ ಯಾರು ಅಂತಲೂ ಕೇಳಿ.

ಸಾಲಿಸಿಟರ್ ಮೊದಲೇ ಇದ್ದದ್ದರಿಂದ ಒಂದು ಫ್ಲಾಟ್‌ನಿಂದ ಬಚಾವಾದೆವು. ಅದಕ್ಕೆ 78 ವರ್ಷದ ಲೀಸ್ ಮಾತ್ರ ಉಳಿದಿತ್ತು. 80ರ ಕೆಳಗಿಳಿದರೆ ಲೀಸ್ ಬೆಳೆಸಲು ಖರ್ಚು ಜಾಸ್ತಿ. 2024ರ ಕಾಯ್ದೆ ಇದನ್ನು ತೆಗೆಯಲು ಹೊರಟಿದೆ, ಆದರೆ ನಾವು ನೋಡುವಾಗ ಆ ಭಾಗ ಜಾರಿಗೆ ಬಂದಿರಲಿಲ್ಲ.

ಆಮೇಲೆ ಸಿಕ್ಕಿದ್ದು ಹಳೆಯ ಟೆರೇಸ್ ಮನೆ, ಅಂದರೆ ಸಾಲಾಗಿ ಅಂಟಿಕೊಂಡಿರುವ ಮನೆಗಳಲ್ಲಿ ಒಂದು. ಅಡುಗೆಮನೆ ಮತ್ತು ಊಟದ ಕೋಣೆಯ ನಡುವಿನ ಗೋಡೆ ಒಡೆದು ಒಂದೇ ಮಾಡಿದ್ದರು. ಅದಕ್ಕೆ ಕೌನ್ಸಿಲ್‌ನ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ (ಕಟ್ಟಡ ನಿಯಮದಂತೆ ಕೆಲಸ ಆಗಿದೆ ಅನ್ನುವ ಪತ್ರ) ಇರಲಿಲ್ಲ. ಮಾರುವವರು ಇಂಡೆಮ್ನಿಟಿ ಇನ್ಶೂರೆನ್ಸ್ ಮಾಡಿಸಿಕೊಡುತ್ತೇವೆ ಅಂದರು. ನಮ್ಮ ಸಾಲಿಸಿಟರ್ ತಕ್ಷಣ ಎಚ್ಚರಿಸಿದರು: ನೀವಾಗಿ ಕೌನ್ಸಿಲ್‌ಗೆ ಫೋನ್ ಮಾಡಿ ವಿಚಾರಿಸಬೇಡಿ. ವಿಚಾರಿಸಿದರೆ ಆ ಪಾಲಿಸಿಯೇ ಸಿಗದೆ ಹೋಗಬಹುದು. ಒಳ್ಳೆಯ ಸಲಹೆ. ಆದರೆ ಪಾಲಿಸಿ ಇರುವುದು ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೆ. ಮೇಲಿನ ಭಾರ ಹೊರುವ ತೊಲೆ ಗಟ್ಟಿ ಇದೆಯಾ ಅಂತ ಅದು ಹೇಳುವುದಿಲ್ಲ. ಸಾಲಿಸಿಟರ್ ಮನೆ ನೋಡಲು ಬರುವುದೂ ಇಲ್ಲ, ಅವರ ಕೆಲಸ ಬರೀ ಕಾಗದದ್ದು. ಅದಕ್ಕೆ ನಾನು ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ತೋರಿಸಿದೆ. ಆ ದುಡ್ಡು ದಂಡ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ನಿಜವಾಗಿ ಸುಸ್ತು ಮಾಡಿದ್ದು ದುಡ್ಡಿನ ಮೂಲ. ಅಮ್ಮ ತಮ್ಮ ಹೆಸರಿನ ಸೈಟ್ ಮಾರಿ ಒಂದಿಷ್ಟು ಕೊಟ್ಟರು. ಇಲ್ಲಿ ಅಕ್ರಮ ಹಣ ತಡೆಯುವ ನಿಯಮ ಬಿಗಿ. ಅಮ್ಮನ ಬ್ಯಾಂಕ್ ಸ್ಟೇಟ್‌ಮೆಂಟ್, ಇದು ಸಾಲವಲ್ಲ ಉಡುಗೊರೆ ಅನ್ನುವ ಪತ್ರ, ಅವರ ಗುರುತಿನ ಚೀಟಿ, ಸೈಟ್ ಮಾರಿದ ಕ್ರಯಪತ್ರ ಎಲ್ಲ ಕೇಳಿದರು. ಕ್ರಯಪತ್ರ ಕನ್ನಡದಲ್ಲಿತ್ತು, ಇಂಗ್ಲಿಷಿಗೆ ಸರ್ಟಿಫೈಡ್ ಅನುವಾದ ಮಾಡಿಸಬೇಕಾಯಿತು. ಅಲ್ಲಿಂದ ಹಣ ಕಳಿಸುವಾಗ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕ್ 20% ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್ ಹಾಕುವಾಗ ಅದನ್ನು ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ಹೆಚ್ಚಾದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಕೈಗಿಲ್ಲ. ಇದನ್ನು ಲೆಕ್ಕಕ್ಕೆ ಹಿಡಿದೇ ಡೆಪಾಸಿಟ್ ಹೊಂದಿಸಿದೆವು. ಊರಿನ ದುಡ್ಡು ಬರುವುದಿದ್ದರೆ ಈ ಕಾಗದಗಳನ್ನು ಆಫರ್ ಹಾಕುವ ಮೊದಲೇ ಜೋಡಿಸಿಡಿ.

ಆಫರ್ ಒಪ್ಪಿದರು ಅಂದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ (ಕೊಳ್ಳುವವರು, ಮಾರುವವರು ಸಹಿ ಮಾಡಿದ ಕರಾರು ಅದಲುಬದಲು) ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆವತ್ತು ಸಾಮಾನ್ಯವಾಗಿ 10% ಕಟ್ಟಬೇಕು. ಕಟ್ಟುವಾಗ ಈಮೇಲ್‌ನಲ್ಲಿ ಬಂದ ಅಕೌಂಟ್ ನಂಬರ್ ನಂಬಿ ಸುಮ್ನೆ ಕಳಿಸಬೇಡಿ. ಈಮೇಲ್ ಹ್ಯಾಕ್ ಮಾಡಿ ಬೇರೆ ನಂಬರ್ ತುರುಕುವ ಮೋಸ ಇಲ್ಲಿ ಇದೆ. ನಾನು ಮೊದಲ ದಿನವೇ ಬರೆದಿಟ್ಟುಕೊಂಡ ಫೋನ್ ನಂಬರಿಗೆ ಕರೆ ಮಾಡಿ ಓದಿಸಿಕೊಂಡೆ. ಒಂದು ಪೌಂಡ್ ಕಳಿಸಿ, ಬಂತು ಅಂದ ಮೇಲೆ ಉಳಿದದ್ದು.

ನಮ್ಮವರಿಗೆ ಇನ್ನೊಂದು ತೊಡಕು ಹೆಸರಿನದು. ನನ್ನ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್, ಕ್ರಯಪತ್ರದಲ್ಲಿ ಅಮ್ಮನ ಹೆಸರಿನ ಸ್ಪೆಲ್ಲಿಂಗೇ ಬೇರೆ. ಸಾಲಿಸಿಟರ್ ಎಲ್ಲವನ್ನೂ ಎಕ್ಸ್‌ಚೇಂಜ್‌ಗೆ ಮೊದಲೇ ಒಂದು ಘೋಷಣೆಯಲ್ಲಿ ಸರಿಮಾಡಿಸಿದರು. ಮನೆಯ ಕೀ ಸಿಕ್ಕ ಮೇಲೂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಮ್ಮ ಹೆಸರು ಬರಲು ತಿಂಗಳುಗಳೇ ಹಿಡಿದವು. ಅದರ ಪ್ರತಿ ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಸ್ಪೆಲ್ಲಿಂಗ್.