ಮಲಗಿಸಬೇಡಿ, ಕೂಡಿಸಿ

ತೊಗರಿ ರಾಶಿಯ ದಿನಗಳು. ರಾತ್ರಿ ಒಂಬತ್ತರ ಸುಮಾರಿಗೆ ಸೇಡಂ ರಸ್ತೆಯಿಂದ ಯುವಕನೊಬ್ಬನನ್ನು ಕಲಬುರಗಿಗೆ, ನಮ್ಮ ತುರ್ತು ಘಟಕಕ್ಕೆ ತಂದರು. ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿಗೆ ಅವನ ಬೈಕ್ ಗುದ್ದಿತ್ತು. ಅಂಗಾತ ಮಲಗಿಸಿದ್ದರು. ಅವನು ಏಳಲು ಹೆಣಗುತ್ತಿದ್ದ, ಇಬ್ಬರು ಭುಜ ಅದುಮಿ ಹಿಡಿದಿದ್ದರು. "ಕುಡಿದಿದ್ದಾನೆ ಸರ್, ಸುಮ್ಮನಿರುವುದಿಲ್ಲ" ಎಂದರು.

ಅವನು ಕುಡಿದಿರಲಿಲ್ಲ, ಉಸಿರುಗಟ್ಟಿ ಒದ್ದಾಡುತ್ತಿದ್ದ. ಗಂಟಲಲ್ಲಿ ಗೊರಗೊರ ಸದ್ದು, ರಕ್ತದ ಆಮ್ಲಜನಕದ ಮಟ್ಟ ಶೇ. 82ಕ್ಕೆ ಇಳಿದಿತ್ತು.

ಕೆಳದವಡೆ ಎರಡೂ ಕೋರೆಹಲ್ಲುಗಳ ಬಳಿ ಮುರಿದು, ನಡುವಿನ ತುಂಡು ಹಿಂದಕ್ಕೆ ಸರಿದಿತ್ತು. ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಸ್ನಾಯು ಗದ್ದದ ಎಲುಬಿನ ಒಳಮೈಗೆ ಅಂಟಿರುತ್ತದೆ. ಗೂಟವೇ ಕಿತ್ತುಬಂದರೆ ಹಗ್ಗ ಏನನ್ನು ಹಿಡಿದೀತು? ಅಂಗಾತ ಮಲಗಿದೊಡನೆ ನಾಲಿಗೆ ಗಂಟಲಿಗೆ ಬೀಳುತ್ತದೆ.

"ಕೈ ಬಿಡಿ, ಅವನನ್ನು ಕೂಡಿಸಿ" ಎಂದೆ. ಕತ್ತಿನ ಎಲುಬಿಗೂ ಪೆಟ್ಟಾಗಿರಬಹುದೆಂಬ ಭಯ ನನಗಿತ್ತು. ಆದರೆ ಕತ್ತು ಅಲುಗದಂತೆ ಕಟ್ಟುವ ಬಿಗಿಯಾದ ಕಾಲರ್ ಮುರಿದ ದವಡೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳೀತು. ನರ್ಸ್ ಹಿಂದೆ ನಿಂತು ಎರಡೂ ಕೈಗಳಿಂದ ತಲೆಯನ್ನು ನೆಟ್ಟಗೆ ಹಿಡಿದರು. ಅವನನ್ನು ಸೊಂಟದಿಂದ ಮುಂದಕ್ಕೆ ಬಾಗಿಸಿದಾಗ ಬಾಯಿಂದ ರಕ್ತ ತಟ್ಟೆಗೆ ಸುರಿಯಿತು. ಉಳಿದದ್ದನ್ನು ಸಕ್ಷನ್‌ನಿಂದ ಹೀರಿ, ಮುರಿದ ಹಲ್ಲಿನ ಚೂರುಗಳನ್ನು ತೆಗೆದು ಎಣಿಸಿದೆ. ಒಂದು ಹಲ್ಲು ಲೆಕ್ಕಕ್ಕೆ ಸಿಗಲಿಲ್ಲ. ಅದು ಶ್ವಾಸಕೋಶಕ್ಕೆ ಇಳಿದಿದೆಯೇ ಎಂದು ಆಮೇಲೆ ಎದೆಯ ಎಕ್ಸ್‌ರೇ ತೆಗೆಸಿದೆವು. ಅಲ್ಲಿ ಇರಲಿಲ್ಲ.

ಬಾಯೊಳಗೆ ಬೆರಳಿಟ್ಟು ಸರಿದ ತುಂಡನ್ನು ಮುಂದಕ್ಕೆ ಎಳೆದೆ. ಅವನು ನೋವಿನಿಂದ ನನ್ನ ಕೈ ಹಿಡಿದುಕೊಂಡ. ಆ ಕ್ಷಣವೇ ಉಸಿರಿನ ಸದ್ದು ಬದಲಾಯಿತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಮುರಿತದ ಅಕ್ಕಪಕ್ಕದ ಹಲ್ಲುಗಳನ್ನು ಸೇರಿಸಿ ತೆಳು ಉಕ್ಕಿನ ತಂತಿ ಬಿಗಿದೆ. ಆಮ್ಲಜನಕ 95ಕ್ಕೆ ಏರಿತು. ಸಿ.ಟಿ. ಸ್ಕ್ಯಾನ್‌ಗೆ ಮಲಗಿಸಲೇಬೇಕಿದ್ದರಿಂದ ನಾಲಿಗೆಗೆ ದಪ್ಪ ರೇಷ್ಮೆ ದಾರದ ಹೊಲಿಗೆ ಹಾಕಿ, ಮುಂದಕ್ಕೆಳೆದು ಕೆನ್ನೆಗೆ ಅಂಟಿಸಿದೆ. ಅರಿವಳಿಕೆ ತಜ್ಞರು ಜೊತೆಗೇ ಬಂದರು. ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರುದಾರಿ ತೆರೆಯುವ ಸಲಕರಣೆಯೂ ಬಿಚ್ಚಿಟ್ಟೇ ಇತ್ತು, ಬೇಕಾಗಲಿಲ್ಲ.

ಮುರಿದ ದವಡೆಗೆ ಲೋಹದ ಪ್ಲೇಟ್ ಕೂಡಿಸಿದ ಕೆಲವು ದಿನಗಳ ಮೇಲೆ ಅವನು ಮೆಲ್ಲಗೆ ಹೇಳಿದ: "ಸರ್, ದಾರಿಯುದ್ದಕ್ಕೂ ಎದ್ದು ಕೂಡಬೇಕೆಂದು ಒದ್ದಾಡಿದೆ. ಹೇಳಲು ಬಾಯಿ ಬರಲಿಲ್ಲ."

ಅಂದಿನಿಂದ ಆಂಬುಲೆನ್ಸ್ ಸಿಬ್ಬಂದಿ ಸಿಕ್ಕಾಗಲೆಲ್ಲ ಕೈಮುಗಿದು ಕೇಳುತ್ತೇನೆ: ದವಡೆ ಮುರಿದವನು ಎಚ್ಚರವಿದ್ದು ಏಳಲು ಹೆಣಗಿದರೆ ಅದುಮಬೇಡಿ, ತಲೆ ಹಿಡಿದು ಕೂಡಿಸಿ. ಪ್ರಜ್ಞೆ ತಪ್ಪಿದ್ದರೆ ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ಪಕ್ಕಕ್ಕೆ ಹೊರಳಿಸಿ, ರಕ್ತ ಹೊರಗೆ ಹರಿಯಲಿ.